ಬಾನೆಟ್ ಬೆಚ್ಚಗಿತ್ತು

ಆ ಕಾರಿನ ಬಾನೆಟ್ ಬೆಚ್ಚಗಿದ್ದದ್ದು ನನ್ನಿಂದ. ಅದನ್ನು ಮಾರಲು ಹೊರಟಿದ್ದ ಹಿರಿಯರಿಂದ ಅಲ್ಲ. ಈ ಮಾತನ್ನು ಏಳೆಂಟು ವರ್ಷ ನುಂಗಿಕೊಂಡಿದ್ದೆ. ಇವತ್ತು ಮೊದಲ ಸಾಲಿನಲ್ಲೇ ಉಗುಳಿಬಿಟ್ಟಿದ್ದೇನೆ — ಕೊನೆಯವರೆಗೆ ಎಳೆದರೆ ನಡುವೆ ಎಲ್ಲೋ ಜಾರಿಕೊಳ್ಳುತ್ತೇನೆ ಅಂತ ನನಗೇ ಗೊತ್ತು.

ನನ್ನ ಪೇಜನ್ನು ಮೊದಲಿನಿಂದ ಓದುತ್ತಿರುವವರಿಗೆ ‘ಬಿಸಿ ಬಾನೆಟ್’ ಪೋಸ್ಟ್ ನೆನಪಿರಬಹುದು. ಹಳೆ ಕಾರು ನೋಡಲು ಹೋದಾಗ ಮೊದಲು ಬಾನೆಟ್ ಮೇಲೆ ಅಂಗೈ ಇಡಿ, ತಣ್ಣಗಿದ್ದರೆ ಮಾತಾಡಿ, ಬೆಚ್ಚಗಿದ್ದರೆ ವಾಪಸ್ ಬನ್ನಿ ಎಂದು ಬರೆದಿದ್ದೆ. ತಣ್ಣಗಿರುವ ಎಂಜಿನ್ ತನ್ನ ಕಾಯಿಲೆಯನ್ನು ಮುಚ್ಚಿಡಲಾರದು. ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಹೊಗೆ ಉಗುಳುತ್ತದೆ. ಅದಕ್ಕೇ ಕೆಲವರು ಗಿರಾಕಿ ಬರುವ ಮುಂಚೆಯೇ ಗಾಡಿ ಬಿಸಿ ಮಾಡಿ ಇಟ್ಟಿರುತ್ತಾರೆ. ಇಷ್ಟೂ ನಿಜ. ಆದರೆ ಉದಾಹರಣೆಗೆ ಅಂತ ಭದ್ರಾವತಿಯ ಒಬ್ಬ ‘ಮರ್ಯಾದಸ್ಥರ’ ಕಥೆ ಹೇಳಿದ್ದೆನಲ್ಲ, ನೀವೆಲ್ಲ ನಕ್ಕು ನಕ್ಕು ಹಂಚಿದ್ದಿರಲ್ಲ — ಅದು ಸುಳ್ಳು. ಈ ಪೇಜು ಬೆಳೆದದ್ದೇ ಆ ಸುಳ್ಳಿನ ಮೇಲೆ.

ಈಗಲೂ ದಿನಾ ಯಾರಾದರೊಬ್ಬರು ಕೇಳುತ್ತಾರೆ. ಅಣ್ಣಾ, ಸ್ಪೋರ್ಟ್ಸ್ ಕಾರು, ಲಕ್ಷ ಕಿಲೋಮೀಟರ್ ದಾಟಿದೆ, ತಗೋಬಹುದಾ? ನಾನು ದೊಡ್ಡ ಮನುಷ್ಯನ ಹಾಗೆ ಉತ್ತರ ಕೊಡುತ್ತೇನೆ — ಎಷ್ಟು ಓಡಿದೆ ಅಂತ ಕೇಳಬೇಡ ತಮ್ಮ, ಯಾರು ಓಡಿಸಿದ್ದಾರೆ ಅಂತ ಕೇಳು. ಆ ಮಾತೂ ನನ್ನದಲ್ಲ. ಅದೇ ಹಿರಿಯರದ್ದು. ಅವರ ಮಾನ ಕಳೆದದ್ದು ಸಾಲದು ಅಂತ ಅವರ ಮಾತನ್ನೂ ಎತ್ತಿಕೊಂಡು ಬಂದಿದ್ದೇನೆ.

ರಿಯಾಜ್ ನನ್ನ ಗೆಳೆಯ. ದುರ್ಗಿಗುಡಿಯ ಶಾಲೆಯಲ್ಲಿ ಇಬ್ಬರದೂ ಒಂದೇ ಬೆಂಚು. ಮುಂದೆ ನಾನು ಕಾರುಗಳ ಬಗ್ಗೆ ಬರೆಯುವವನಾದೆ, ಅವನು ಶಾಲೆ ಮಕ್ಕಳ ವ್ಯಾನ್ ಓಡಿಸುವವನಾದ. ನಮ್ಮಿಬ್ಬರಲ್ಲಿ ನಿಜವಾಗಿ ಗಾಡಿ ಓಡಿಸಲು ಬರುವುದು ಅವನಿಗೆ. ಇದನ್ನೂ ಎಲ್ಲೂ ಬರೆದಿಲ್ಲ. ಒಂದು ದಿನ ಫೋನ್ ಮಾಡಿದ.

“ಮಂಜ, ಭದ್ರಾವತಿಲಿ ಒಂದು ಗಾಡಿ ಐತಂತೆ ಕಣೋ. ಕೆಂಪು. ಎರಡೇ ಸೀಟು.”

“ಎರಡು ಸೀಟಿನ ಗಾಡಿ ತಗೊಂಡು ಏನ್ ಮಾಡ್ತೀಯೋ ಮಾರಾಯ? ಮೂರು ಮಕ್ಕಳಿದಾವೆ ನಿಂಗೆ.”

“ಅದಕ್ಕೇ ಬೇಕು. ಅರ್ಧ ಆಯುಷ್ಯ ಊರವರ ಮಕ್ಕಳನ್ನ ತುಂಬ್ಕೊಂಡು ಓಡ್ಸಿದೀನಿ. ಅಳೋರು, ವಾಂತಿ ಮಾಡೋರು, ಕಿಟಕಿ ಸೀಟಿಗೆ ಕಿತ್ತಾಡೋರು. ಮೂರನೇ ಜನ ಹತ್ತೋಕೇ ಆಗ್ದಿರೋ ಗಾಡಿ ಒಂದ್ಸಲ ಓಡಿಸ್ಬೇಕು ಯಾರ್.”

ಹಿಂದಿನಿಂದ ಅವನ ಹೆಂಡತಿ ಶಬಾನಾಳ ದನಿ ಬಂತು. “ಆ ಎರಡನೇ ಸೀಟು ಯಾರಿಗೆ ಅಂತ ಕೇಳಿ ಮಂಜಣ್ಣ. ನಂಗೆ ಅಂದ್ರೆ ಕೊಡ್ಸಿ. ಇಲ್ಲಾಂದ್ರೆ ನೀವೇ ಟೈರಿಗೆ ಮೊಳೆ ಹೊಡೆದು ಬನ್ನಿ.”

ಅವನಿಗಿದ್ದ ಅಳುಕು ಒಂದೇ. ಕಾರು ಒಂದೂವರೆ ಲಕ್ಷ ಕಿಲೋಮೀಟರಿಗೂ ಮೇಲೆ ಓಡಿತ್ತು. ತಂದೆಯ ಅಂಗಡಿ ಮಾರಿದಾಗ ಬಂದ ಪಾಲು ಕೈಯಲ್ಲಿತ್ತು. ಬೇರೆ ಯಾರಿಗೂ ಕೊಡಬೇಕಾಗಿರದ ಹಣ ಅವನ ಜೀವಮಾನದಲ್ಲಿ ಅದೊಂದೇ. ಹೋದರೆ ಹೋಯಿತು. “ನೀನು ನೋಡು ಸಾಕು,” ಅಂದ. “ತಗೋ ಅಂದ್ರೆ ತಗೋತೀನಿ. ಬಿಡು ಅಂದ್ರೆ ಬಿಡ್ತೀನಿ.”

ನಮ್ಮೂರಲ್ಲಿ ಹಳೆ ಗಾಡಿ ಕೊಳ್ಳುವವರು ಒಬ್ಬರೇ ಹೋಗುವುದಿಲ್ಲ. ಗೊತ್ತಿರುವವನೊಬ್ಬನನ್ನು ಕರೆದುಕೊಂಡು ಹೋಗುತ್ತಾರೆ, ಅವನು ಹೇಳಿದ್ದೇ ಕೊನೆ. ಆದರೆ ಆ ಗೊತ್ತಿರುವವನು ಮಾರುವವರ ಮನೆಗೆ ಮುಂಚೆಯೇ ಒಬ್ಬನೇ ಹೋಗಿ ಬರಬಾರದು. ಹೋದನೆಂದರೆ ಅವರ ಕಡೆಯಿಂದ ಕಮಿಷನ್ ತಿಂದ ಅಂತಲೇ ಲೆಕ್ಕ.

ನಾನು ಮುಂಚೆಯೇ ಹೋದೆ, ರಿಯಾಜ್ ಬರಬೇಕಿದ್ದ ದಿನವೇ ಬೆಳಿಗ್ಗೆ ಬೇಗ. ಕಮಿಷನ್ನಿಗಲ್ಲ. ಗೆಳೆಯನಿಗೋಸ್ಕರ ಮೊದಲೇ ನೋಡಿಟ್ಟಿರೋಣ ಅಂತ ಹೋದೆ ಎಂದು ಎಷ್ಟೋ ಕಾಲ ನನಗೆ ನಾನೇ ಹೇಳಿಕೊಂಡೆ. ಅದೂ ಅಲ್ಲ. ರಿಯಾಜ್ ಜೊತೆಗಿದ್ದರೆ ಸ್ಟಿಯರಿಂಗ್ ಅವನ ಕೈಗೆ ಹೋಗುತ್ತಿತ್ತು. ನನಗೆ ಮೊದಲು ಓಡಿಸಬೇಕಿತ್ತು. ಊರಿಗೆಲ್ಲ ಕಾರಿನ ಬುದ್ಧಿ ಹೇಳುತ್ತಿದ್ದವನ ರವೀಂದ್ರನಗರದ ಮನೆ ಮುಂದೆ ನಿಂತಿದ್ದದ್ದು ಒಂದು ಸ್ಕೂಟರ್. ಅಷ್ಟೇ — ಇನ್ನೇನು ಬಿಡಿಸಿ ಹೇಳುವುದು.

ಕಾರಿನ ಮಾಲೀಕರು ಕಾರ್ಖಾನೆಯಿಂದ ನಿವೃತ್ತರಾದ ಎಂಜಿನಿಯರ್, ಸುಂದರಮೂರ್ತಿ. ಮನೆಮಾತು ತಮಿಳು, ಹುಟ್ಟಿ ಬೆಳೆದದ್ದೆಲ್ಲ ಭದ್ರಾವತಿ. ನನ್ನನ್ನು ನೋಡಿದ ಕೂಡಲೇ ‘ತಂಬಿ’ ಅಂದರು. ಅವರೂ ಅವರ ಹೆಂಡತಿ ವಿಜಯಮ್ಮನೂ ವಾರ ಬಿಡದೆ ಕಡಲ ಕಡೆ ಹೋಗಿ ಬರುತ್ತಿದ್ದರಂತೆ. ಕಿಲೋಮೀಟರ್ ಏರಿದ್ದು ಹಾಗೆ.

“ಮತ್ತೆ ಯಾಕೆ ಸಾರ್ ಕೊಡ್ತಿದೀರಿ?” ಎಂದು ಕೇಳಿದೆ.

“ಸೀಟು ನೆಲದಲ್ಲಿದೆ ತಂಬಿ. ಕೂರೋದು ಸುಲಭ. ಏಳೋಕೆ ಆಗಲ್ಲ.”

“ಇವ್ರನ್ನ ಎಳೆದು ಎಳೆದು ನನ್ನ ತೋಳು ಬಿದ್ಹೋಗಿದೆ,” ಅಂದರು ವಿಜಯಮ್ಮ. ಕಾಫಿಗೆ ಸಕ್ಕರೆ ಎಷ್ಟು ಎಂದು ಕೇಳಿದರು. ಶುಗರ್ ಇದೆ, ಬೇಡಮ್ಮ ಎಂದೆ.

ಬಾನೆಟ್ ಮೇಲೆ ಕೈಯಿಟ್ಟೆ. ಮಂಜುಗಡ್ಡೆಯ ಹಾಗಿತ್ತು. ಕೀ ತಿರುಗಿಸಿದೆ, ಮೊದಲನೇ ಸಲಕ್ಕೇ ಎದ್ದಿತು. ಹಿಂದೆ ಹೋಗಿ ನೋಡಿದರೆ ಹೊಗೆಯಿಲ್ಲ. ಸೀಟಿನ ಬಟ್ಟೆ ಹರಿದಿತ್ತು, ಎಡಗಡೆಯ ಬಾಗಿಲು ಗಡಗಡ ಅನ್ನುತ್ತಿತ್ತು, ಡ್ಯಾಶ್‌ಬೋರ್ಡಿನಲ್ಲಿ ಪುಟ್ಟ ಮುರುಗನ ಸ್ಟಿಕ್ಕರ್ ಅರ್ಧ ಸವೆದಿತ್ತು. ಇಷ್ಟು ಬಿಟ್ಟರೆ — ಏನೂ ಇಲ್ಲ. ಲಕ್ಕವಳ್ಳಿ ರಸ್ತೆಯಲ್ಲಿ ಓಡಿಸಿದೆ. ಸ್ವಲ್ಪ ಅಂತ ಹೊರಟವನು ತುಂಬಾ ದೂರ ಹೋಗಿಬಿಟ್ಟೆ. ಆ ರಸ್ತೆಯಲ್ಲಿ ಆ ಕಾರು ನನಗೆ ಏನು ಮಾಡಿತು ಎಂದು ವರ್ಣಿಸುವುದಿಲ್ಲ. ವರ್ಣಿಸಿದರೆ ಅದೇ ಒಂದು ನೆಪವಾಗಿಬಿಡುತ್ತದೆ. ವಾಪಸ್ ತಿರುಗಿಸುವಾಗ ಒಂದೇ ಯೋಚನೆ — ಇದು ಅವನ ಮನೆ ಮುಂದೆ ನಿಲ್ಲುತ್ತದೆ. ದಿನಾ ನಾನು ನೋಡಬೇಕು.

ಹೊರಡುವಾಗ ಸುಂದರಮೂರ್ತಿಯವರಿಗೆ ಹೇಳಿದೆ. “ಸಾರ್, ನಾನು ಬಂದು ಹೋಗಿದ್ದು ಅವನಿಗೆ ಹೇಳ್ಬೇಡಿ. ನಾವಿಬ್ರು ಮೊದಲೇ ಮಾತಾಡ್ಕೊಂಡಿದೀವಿ ಅಂತ ತಪ್ಪು ತಿಳ್ಕೋತಾನೆ.”

“ನಾನ್ಯಾಕೆ ಹೇಳಲಿ ತಂಬಿ. ಮಾತು ಕೊಟ್ಟೆ,” ಅಂದರು.

ರಿಯಾಜ್ ಬೆಳಗಿನ ಟ್ರಿಪ್ ಮುಗಿಸಿ ಖಾಲಿ ವ್ಯಾನಿನಲ್ಲೇ ಭದ್ರಾವತಿಗೆ ಬಂದ. ಅಲ್ಲಿ ಬೇರೆ ಕೆಲಸವಿದೆ, ಅಲ್ಲೇ ಸಿಗುತ್ತೇನೆ ಎಂದು ಹೇಳಿದ್ದ ನನ್ನನ್ನು ಬಸ್ ಸ್ಟ್ಯಾಂಡಿನ ಹತ್ತಿರ ಹತ್ತಿಸಿಕೊಂಡ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ಹೆಣ್ಣು ನೋಡಲು ಬಂದವನ ಹಾಗೆ. ಮತ್ತೆ ಅದೇ ಗೇಟಿನೊಳಗೆ ಹೋದೆವು. ಸುಂದರಮೂರ್ತಿ ನನಗೆ ಹೊಸಬನಿಗೆ ಮಾಡುವ ಹಾಗೆ ನಮಸ್ಕಾರ ಮಾಡಿದರು. ಮಾತು ಕೊಟ್ಟಿದ್ದರಲ್ಲ.

ಬಾನೆಟ್ಟಿನ ಕಥೆ ನನಗೆ ಹೊಳೆದಿರಲೇ ಇಲ್ಲ. ಇದನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಹೊಳೆದದ್ದು ರಿಯಾಜ್‌ಗೆ. ಪೋಸ್ಟ್ ಬರೆಯುವ ಮುಂಚಿನಿಂದಲೂ ನಾನು ಬಾಯಲ್ಲಿ ಹೇಳುತ್ತಿದ್ದ ಪಾಠವನ್ನು ಚಾಚೂ ತಪ್ಪದೆ ಪಾಲಿಸುವ ಒಬ್ಬನೇ ಶಿಷ್ಯ ಅವನು. ನೇರ ಹೋಗಿ ಅಂಗೈ ಇಟ್ಟ. ಅವನ ಮುಖ ಇಳಿಯಿತು.

“ಮಂಜ. ಬಿಸಿ ಐತೆ ಕಣೋ.”

ಸುಂದರಮೂರ್ತಿ ನನ್ನ ಕಡೆ ನೋಡಿದರು. ಅವರಿಗೆ ಯಾವ ಗಾಬರಿಯೂ ಇರಲಿಲ್ಲ. ನಾನು ಹೇಳುತ್ತೇನೆ ಎಂದುಕೊಂಡಿದ್ದರು. ಒಂದು ವಾಕ್ಯ ಸಾಕಿತ್ತು, ನಕ್ಕು ಮುಗಿಸುವಂಥದ್ದು. ರಿಯಾಜ್ ಬೈಯುತ್ತಿದ್ದ, ಕಳ್ಳ ನನ್ಮಗನೆ ಮೊದಲೇ ಓಡಿಸ್ಬಿಟ್ಟೆಯಾ ಅಂತ. ಬೈದು ಕಾರು ಕೊಳ್ಳುತ್ತಿದ್ದ. ನಾನು ಬಾಯಿ ತೆರೆದೆ —

“ಬೆಳಿಗ್ಗೆನೇ ಸ್ಟಾರ್ಟ್ ಮಾಡಿ ಇಟ್ಟಿದಾರೆ. ಏನೋ ಮುಚ್ತಿದಾರೆ. ಬಿಡು.”

ಆ ಹಿರಿಯರು ನಿಜವನ್ನು ಹೇಳಬಹುದಿತ್ತು. ಹೇಳಲಿಲ್ಲ. ಕೊನೆಗೆ, “ನೀವು ಹಾಗೆ ಅಂತೀರಾದ್ರೆ ಸರಿ ತಂಬಿ,” ಅಂದರು, ಮೆಲ್ಲಗೆ. ಅಷ್ಟರಲ್ಲಿ ವಿಜಯಮ್ಮ ಎರಡು ಲೋಟ ಕಾಫಿ ತಂದರು. ರಿಯಾಜ್‌ಗೆ ಸಕ್ಕರೆ ಎಷ್ಟು ಎಂದು ಕೇಳಿದರು. ನನ್ನನ್ನು ಕೇಳಲಿಲ್ಲ. ನನ್ನ ಲೋಟದಲ್ಲಿ ಸಕ್ಕರೆ ಇರಲಿಲ್ಲ. ಆ ಕಹಿಯನ್ನು ಅವರಿಬ್ಬರ ಎದುರಿಗೇ ನಿಂತು ಪೂರ್ತಿ ಕುಡಿದೆ.

ದಾರಿಯುದ್ದಕ್ಕೂ ರಿಯಾಜ್ ಗೊಣಗಿದ. “ಅಷ್ಟು ವಯಸ್ಸಾದ ಮನುಷ್ಯ ಹಿಂಗೆ ಮೋಸ ಮಾಡ್ತಾನಲ್ಲೋ.” ನಾನು ಹೂಂ ಅಂದೆ. ವಾರದೊಳಗೆ ಪೋಸ್ಟ್ ಬರೆದೆ. ಹೆಸರು ಹಾಕಿರಲಿಲ್ಲ, ಅದೇ ನನ್ನ ಸಮಾಧಾನ. ಆದರೆ ಭದ್ರಾವತಿಯಲ್ಲಿ ಅಂಥ ಕೆಂಪು ಕಾರು ಇದ್ದದ್ದು ಒಂದೇ. ಯಾರ ಬಗ್ಗೆ ಬರೆದದ್ದು ಎಂದು ಅಲ್ಲಿ ಎಲ್ಲರಿಗೂ ಗೊತ್ತಾಯಿತು. ಆಮೇಲೆ ಅದನ್ನು ನೋಡಲು ಸರಿಯಾದವರು ಯಾರೂ ಹೋಗಲಿಲ್ಲವಂತೆ. ಕಡೆಗೆ ಯಾವನೋ ಪಡ್ಡೆ ಹುಡುಗ ಎತ್ತಿಕೊಂಡು ಹೋದ ಎಂದು ಕೇಳಿದೆ. ರಿಯಾಜನ ಹಣ ಇನ್ನೊಂದು ವ್ಯಾನಿಗೆ ಹೋಯಿತು. ಹಳದಿ ಬಣ್ಣ, ಮತ್ತಷ್ಟು ಸೀಟು.

ಇಷ್ಟನ್ನೂ ಹೊಟ್ಟೆಯಲ್ಲಿಟ್ಟುಕೊಂಡು ನಾನು ಸಾಯುವವರೆಗೂ ಇರುತ್ತಿದ್ದೆನೋ ಏನೋ. ಹೋದ ವಾರ ರಿಯಾಜ್ ಫೋನ್ ಮಾಡಿದ.

“ಮಂಜ, ಅದೇ ಗಾಡಿ ಕಣೋ. ಬೈಪಾಸ್ ಹತ್ರ ಸೆಕೆಂಡ್ ಹ್ಯಾಂಡ್ ಶೆಡ್ಡಲ್ಲಿ ನಿಂತೈತೆ. ಸುಮ್ನೆ ನೋಡ್ಕೊಂಡು ಬರೋಣ ಬಾ.”

ಹೋದೆವು. ಮುರುಗನ ಸ್ಟಿಕ್ಕರ್ ಇನ್ನೂ ಇತ್ತು. ಅದನ್ನು ಬಿಟ್ಟರೆ ಗುರುತು ಸಿಗುವಂಥದ್ದು ಏನೂ ಇರಲಿಲ್ಲ. ನೆಲಕ್ಕೆ ತಾಗುವಷ್ಟು ಇಳಿಸಿದ್ದರು, ಸೈಲೆನ್ಸರ್ ಕತ್ತರಿಸಿದ್ದರು, ಬಾಗಿಲು ಒಂದು ಬಣ್ಣ ಮೈ ಒಂದು ಬಣ್ಣ. ಆ ಹುಡುಗ ತ್ಯಾವರೆಕೊಪ್ಪದ ಕಡೆ ರಸ್ತೆಯಲ್ಲಿ ಗೆಳೆಯರ ಜೊತೆ ಪಂದ್ಯ ಕಟ್ಟಿ ಓಡಿಸುತ್ತಿದ್ದನಂತೆ. ಕಿಲೋಮೀಟರ್ ಎರಡು ಲಕ್ಷ ದಾಟಿತ್ತು. ರಿಯಾಜ್ ಮೊದಲು ಮಾಡಿದ್ದು ಏನು ಹೇಳಿ — ಬಾನೆಟ್ ಮೇಲೆ ಅಂಗೈ ಇಟ್ಟ.

“ತಣ್ಣಗೈತೆ,” ಅಂದ. ದನಿಯಲ್ಲಿ ಆಸೆ ಇತ್ತು, ಈ ವಯಸ್ಸಿನಲ್ಲೂ.

ಎಷ್ಟು ಸಲ ಕೀ ತಿರುಗಿಸಿದರೂ ಕೆಮ್ಮಿತು, ನಿಂತಿತು. ಎದ್ದಾಗ ನೀಲಿ ಹೊಗೆ ಶೆಡ್ಡನ್ನೇ ತುಂಬಿತು. ನಾನು ಈ ಸಲ ನಿಜ ಹೇಳಿದೆ. “ಬಿಡು ರಿಯಾಜ್. ಮುಗಿದಿದೆ ಇದು.”

ಅವನು ನನ್ನ ಹೆಗಲ ಮೇಲೆ ಕೈ ಹಾಕಿದ. “ಅವತ್ತೇ ಹೇಳಿದ್ಯಲ್ಲೋ ನೀನು. ನಿನ್ ಮಾತು ಕೇಳ್ದೇ ಇದ್ದಿದ್ರೆ ಈ ಹೆಣ ನನ್ ಮನೆ ಮುಂದೆ ಬಿದ್ದಿರೋದು. ಶಬಾನಾ ಇವತ್ತಿಗೂ ನಿಂಗೆ ದುವಾ ಕೊಡ್ತಾಳೆ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನ ಕೈಯಲ್ಲಿದ್ದಿದ್ದರೆ ಆ ಕಾರು ಹೆಣವಾಗುತ್ತಲೇ ಇರಲಿಲ್ಲ. ದಿನಾ ಬೆಳಿಗ್ಗೆ ಮಕ್ಕಳು ಹತ್ತುವ ಮುಂಚೆ ವ್ಯಾನಿನ ಪ್ರತಿ ಸೀಟನ್ನೂ ಒರೆಸುವವನು ಅವನು. ಅದನ್ನು ಕೊಂದವನು ಆ ಹುಡುಗನೂ ಅಲ್ಲ. ಕೊಂದವನಿಗೆ ರಿಯಾಜನ ಮನೆಯಲ್ಲಿ ದುವಾ —

ಮೂರು ದಿನ ನನಗೆ ನನ್ನ ಮೇಲೆಯೇ ಎಷ್ಟು ಸಿಟ್ಟು ಬಂದಿತ್ತೆಂದರೆ, ಪೇಜಿನಲ್ಲಿ ಪ್ರಶ್ನೆ ಕೇಳಿದವರಿಗೆಲ್ಲ ಬೈದೆ. ಬೈಸಿಕೊಂಡವರು ಕ್ಷಮಿಸಿ. ನೀವು ಏನೂ ಮಾಡಿರಲಿಲ್ಲ.

ನೆನ್ನೆ ಮಧ್ಯಾಹ್ನ ಶಾಲೆ ಬಿಡುವ ಮುಂಚೆ ಅವನ ವ್ಯಾನ್ ಹತ್ತಿ ಕೂತೆ. ಇಲ್ಲಿ ಬರೆದಿರುವುದೆಲ್ಲವನ್ನೂ ಹೇಳಿದೆ. ಲಕ್ಕವಳ್ಳಿ ರಸ್ತೆ, ಸಕ್ಕರೆಯಿಲ್ಲದ ಕಾಫಿ, ಎಲ್ಲ. ಅವನು ಸ್ಟಿಯರಿಂಗ್ ಮೇಲಿನ ಕೈ ತೆಗೆಯಲಿಲ್ಲ, ನನ್ನ ಕಡೆ ತಿರುಗಲಿಲ್ಲ. ಒಂದೇ ಒಂದು ಮಾತು ಕೇಳಿದ.

“ಚೆನ್ನಾಗಿತ್ತಾ? ಓಡಿಸೋಕೆ?”

“ಚೆನ್ನಾಗಿತ್ತು.”

ಕೀ ತಿರುಗಿಸಿದ. “ಇಳಿ ಮಂಜ. ಮಕ್ಕಳು ಕಾಯ್ತಿರ್ತಾರೆ.”

ಇಳಿದೆ. ಹಳದಿ ವ್ಯಾನ್ ತಿರುವಿನಲ್ಲಿ ಮರೆಯಾಯಿತು. ಇದನ್ನು ಬರೆಯುವ ಹೊತ್ತಿನವರೆಗೆ ಅವನಿಂದ ಫೋನ್ ಇಲ್ಲ. ನಾನೂ ಮಾಡಿಲ್ಲ. ಮಾಡಿ ಏನಂತ ಕೇಳಲಿ.

‘ಬಿಸಿ ಬಾನೆಟ್’ ಪೋಸ್ಟನ್ನು ಅಳಿಸುತ್ತಿಲ್ಲ. ಅಳಿಸಿದರೆ ನಾನು ಹುಷಾರಾದ ಹಾಗಾಗುತ್ತದೆ, ಸರಿಯಾದ ಹಾಗಲ್ಲ. ಅದರ ಕೆಳಗೆ ಇದನ್ನು ಅಂಟಿಸುತ್ತೇನೆ. ಅದನ್ನು ಹಂಚಿದವರು ಇದನ್ನೂ ಹಂಚಿ. ವಿಶೇಷವಾಗಿ ಭದ್ರಾವತಿಯವರು.

ನಾಳೆ ಅಲ್ಲಿಗೆ ಹೋಗುತ್ತೇನೆ. ಸುಂದರಮೂರ್ತಿಯವರು ಅದೇ ಮನೆಯಲ್ಲಿದ್ದಾರೆಂದು ವಿಚಾರಿಸಿದ್ದೇನೆ. ಬಾಗಿಲು ತೆಗೆಯದಿದ್ದರೆ ಗೇಟಿನ ಹತ್ತಿರ ನಿಂತೇ ಹೇಳುತ್ತೇನೆ, ಅಕ್ಕಪಕ್ಕದವರಿಗೂ ಕೇಳುವ ಹಾಗೆ, ಅವತ್ತು ಅವರು ನನ್ನ ಮುಖ ನೋಡುತ್ತ ಕಾದಿದ್ದ ಆ ಒಂದು ವಾಕ್ಯವನ್ನು: ಬೆಳಿಗ್ಗೆ ಕಾರು ಓಡಿಸಿದ್ದು ನಾನು.