ಕಟ್ಟೆಯ ಮೇಲೆ ಕೂತ ಹವಾಲ್ದಾರರು

ನಾನು ಮುಂಡಗೋಡದಲ್ಲಿ ನರ್ಸ್ ಆಗಿದ್ದಾಗ, ಕುಡಿತದಿಂದ ಕಂಗೆಟ್ಟವರ ಮನೆಗೆ ನಮ್ಮ ಜೊತೆ ಒಬ್ಬರು ಹವಾಲ್ದಾರರು ಬರುತ್ತಿದ್ದರು. ಎಲ್ಲಿ ಹೋದರೂ ಟೋಪಿ ತೆಗೆದು, "ಗಡಿಬಿಡಿ ಏನಿಲ್ಲ, ಕುಂತು ಮಾತಾಡೂಣು" ಎನ್ನುತ್ತಿದ್ದರು.

ಚಿಗಳ್ಳಿಯಲ್ಲಿ ಒಬ್ಬಾತ ಕುಡಿತ ಬಿಟ್ಟ ಎರಡನೇ ದಿನ ಇಲ್ಲದ್ದೆಲ್ಲ ಕಂಡು ಹೆದರಿ, ಕುಡುಗೋಲು ಹಿಡಿದು ಒಳಗಿನಿಂದ ಚಿಲಕ ಹಾಕಿಕೊಂಡಿದ್ದ.

"ಬಾಗಲಾ ಒಡೀರಿ ಸಾಹೇಬ್ರ!" ಎಂದು ಓಣಿಯವರು ಕೂಗಿದರು.

ಹವಾಲ್ದಾರರು ಲಾಠಿಯನ್ನು ನನ್ನ ಕೈಗಿತ್ತು ಕಟ್ಟೆಯ ಮೇಲೆ ಕೂತರು. ಮುಚ್ಚಿದ ಬಾಗಿಲಿಗೇ ಅವನ ಎತ್ತು, ಹೊಲ, ಮಗಳ ಶಾಲೆ ಎಲ್ಲ ವಿಚಾರಿಸಿದರು. ಬಹಳ ಹೊತ್ತಿನ ಮೇಲೆ ಅವನು ಬರಿಗೈಲಿ, ನಡುಗುತ್ತಾ ಹೊರಬಂದ.

ಅವನ ಹೆಂಡತಿ ತವರಿಗೆ ಹೋಗಿದ್ದಳು. ಅವನನ್ನು ಆಸ್ಪತ್ರೆಗೆ ಕರೆತಂದು ಹೆಸರು ಬರೆದುಕೊಳ್ಳುತ್ತಾ, "ಇವರ ಕಡಿಯವರು ಯಾರ್ ಅದಾರ್ರಿ?" ಎಂದು ಕೇಳಿದೆ.

"ನನ್ನ ಹೆಸರ ಬರಕೋರಿ, ಸಿಸ್ಟರ್. ಅಣ್ಣ ಅಂತ ಹಾಕ್ರಿ" ಎಂದರು ಹವಾಲ್ದಾರರು.

ಹಾಗೆಯೇ ಬರೆದೆ. ಚೇತರಿಸಿಕೊಂಡ ಅವನನ್ನು ಮನೆಗೆ ಕಳಿಸುವ ದಿನವೂ ಅಣ್ಣನ ಜಾಗದಲ್ಲಿ ಅವರೇ ಸಹಿ ಹಾಕಿದರು.