ಕ್ರೇನಕ್ಕನ ರಷ್ಯನ್

ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಕ್ರೇನಕ್ಕ ಎಂದೇ ಕರೆಯುತ್ತಿದ್ದರು. ಶೆಡ್ಡಿನ ಸೂರಿಗೆ ತಾಗಿದಂತಿದ್ದ ಕ್ರೇನಿನ ಗಾಜಿನ ಗೂಡಿನಲ್ಲಿ ಕೂತು ಆನೆ ತೂಕದ ಕಬ್ಬಿಣವನ್ನು ಎತ್ತಿ ಇಳಿಸುವುದು ಅವಳ ಕೆಲಸ. ಹೆಂಗಸು ಅಷ್ಟೆತ್ತರ ಹತ್ತುವುದೇ ಎಂದು ಮೊದಮೊದಲು ಮೂಗು ಮುರಿದವರೂ ಅವಳ ಕೈಚಳಕ ಕಂಡ ಮೇಲೆ ಬಾಯಿ ಮುಚ್ಚಿಕೊಂಡರು.

ಹೊಸ ಯಂತ್ರ ಕೂರಿಸಲು ರಷ್ಯದಿಂದ ಒಂದು ತಂಡ ಬಂತು. ಅದರ ಫಿಟ್ಟರ್ ಕೆಂಪು ಗಡ್ಡದ, ಕಂಚಿನ ಕಂಠದ ಆಸಾಮಿ. ಅವನಿಗೆ ನಮ್ಮ ಮಾತು ಬಾರದು, ಅವಳಿಗೆ ಅವನದು ಬಾರದು. ದುಭಾಷಿ ಒಬ್ಬನಿದ್ದ, ನಿಜ. ಆದರೆ ಕೊಕ್ಕೆಯಲ್ಲಿ ಭಾರ ತೂಗಾಡುತ್ತಿರುವಾಗ ದುಭಾಷಿಯನ್ನು ಹುಡುಕುತ್ತ ಕೂತರೆ ಕೆಳಗಿದ್ದವರ ತಲೆ ಉಳಿದೀತೇ? ಹಾಗಾಗಿ ಅವಳೇ ಕಲಿತಳು. ವೀರಾ ಎಂದರೆ ಎತ್ತು, ಮಾಯ್ನಾ ಎಂದರೆ ಇಳಿಸು, ಪಮಾಲು ಎಂದರೆ ಸ್ವಲ್ಪ ಸ್ವಲ್ಪವಾಗಿ, ಖರಶೋ ಎಂದರೆ ಸರಿ. ಫಿಟ್ಟರನದು ಒಂದೇ ಕಟ್ಟುನಿಟ್ಟು. ಕೆಳಗಿನಿಂದ ಕೂಗಿದ್ದನ್ನು ಮೇಲಿದ್ದವಳು ಹಾಗೆಯೇ ತಿರುಗಿ ಕೂಗಬೇಕು, ಆಮೇಲೆಯೇ ಹಿಡಿಕೆ ಮುಟ್ಟಬೇಕು.

ಇಷ್ಟು ಬಂದದ್ದೇ ತಡ, ಕ್ರೇನಕ್ಕನಿಗೆ ಕೋಡು ಮೂಡಿತು. ಅಟ್ಟದಿಂದ ಪೆಟ್ಟಿಗೆ ಇಳಿಸುವ ಗಂಡನಿಗೂ ಮಾಯ್ನಾ ಎನ್ನುವಳು. ಅವನು ತಿರುಗಿ ಹೇಳುವತನಕ ಪೆಟ್ಟಿಗೆಗೆ ಕೈಯೊಡ್ಡುತ್ತಿರಲಿಲ್ಲ. ತನಗೆ ರಷ್ಯನ್ ಬರುತ್ತದೆಂದು ನಾದಿನಿಯ ಮುಂದೆ ಕೊಚ್ಚಿಕೊಂಡದ್ದೂ ಆಯಿತು. ಪಾಪ, ಕ್ರೇನಕ್ಕ ತಾನೂ ಹಾಗೆಂದೇ ನಂಬಿದ್ದಳು.

ಗಂಡನ ಜೊತೆಗೇ ಬಂದಿದ್ದ ಫಿಟ್ಟರನ ಹೆಂಡತಿ ತುಂಬಿದ ಬಸುರಿ. ಗಂಡನೂ ದುಭಾಷಿಯೂ ತಂಡದ ಉಳಿದವರೂ ಬಿಡಿಭಾಗ ಬಿಡಿಸಿಕೊಂಡು ಬರಲು ಬಂದರಿಗೆ ಹೋಗಿದ್ದಾಗಲೇ ಅವಳಿಗೆ ದಿನ ತುಂಬುವ ಮೊದಲೇ ನೋವು ಶುರುವಾಯಿತು. ರಷ್ಯನ್ ಬರುವವರು ಯಾರಿದ್ದರೂ ಕೂಡಲೇ ಕಳಿಸಿ ಎಂದು ಆಸ್ಪತ್ರೆಯಿಂದ ಫೋನು ಬಂತು. ಮೇಲ್ವಿಚಾರಕ ಶೆಡ್ಡಿಗೆ ಓಡಿಬಂದು ಕೇಳಿದ. ಎಲ್ಲರ ಬೆರಳೂ ಸೂರಿನ ಕಡೆ ಹೋಯಿತು.

ಆಸ್ಪತ್ರೆಯ ದಾರಿಯುದ್ದಕ್ಕೂ ಕ್ರೇನಕ್ಕ ತನಗೆ ಬರುವ ಮಾತುಗಳನ್ನು ಬೆರಳಲ್ಲಿ ಎಣಿಸಿದಳು. ತನ್ನ ರಷ್ಯನ್ ಒಂದು ಹಿಡಿಯೂ ಇಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು.

ಹೆರಿಗೆ ಕೋಣೆಯಲ್ಲಿ ಆ ಹೆಂಗಸು ಮಂಚದ ಕಂಬಿ ಹಿಡಿದು ಚೀರುತ್ತಿದ್ದಳು, ಹತ್ತಿರ ಬಂದವರಿಗೆಲ್ಲ ಕಾಲು ಝಾಡಿಸುತ್ತಿದ್ದಳು. ಸುತ್ತಲಿದ್ದವರು ಒಳ್ಳೆಯವರೇ, ಆದರೆ ಅವರು ಆಡುವ ಒಂದು ಮಾತೂ ಅವಳಿಗೆ ತಿಳಿಯುವಂತಿರಲಿಲ್ಲ. ಮಗುವಿನ ಎದೆಬಡಿತ ಕುಗ್ಗುತ್ತಿದೆ, ಈಕೆ ಹೇಳಿದಂತೆ ಕೇಳಿದರೆ ಸರಿ, ಇಲ್ಲವಾದರೆ ಮಗುವಿನ ಜೀವಕ್ಕೇ ಕುತ್ತು ಎಂದು ಡಾಕ್ಟರಮ್ಮ ಒಂದೇ ಉಸಿರಿಗೆ ಹೇಳಿದರು.

“ನೋವು ಬಂದಾಗ ಮುಕ್ಕಬೇಕು, ಮಗುವನ್ನು ಕೆಳಗೆ ತಳ್ಳಬೇಕು. ಅದೊಂದು ತಿಳಿಸಿ ಸಾಕು.”

ಕ್ರೇನಿಗೆ ಮುಕ್ಕುವುದು ಎಲ್ಲಿ ಗೊತ್ತು? ಎತ್ತುವುದು, ಇಳಿಸುವುದು, ಅದಕ್ಕೆ ಬರುವುದು ಅಷ್ಟೇ. ಕ್ರೇನಕ್ಕ ಆ ಮುಖದ ಮೇಲೆ ಬಗ್ಗಿ, ಶೆಡ್ಡಿನಲ್ಲಿ ಕೂಗುವ ಗಂಟಲಿನಲ್ಲೇ ಮಾಯ್ನಾ ಎಂದು ಕೂಗಿದಳು.

ಚೀರಾಟ ಗಕ್ಕನೆ ನಿಂತಿತು. ಫಿಟ್ಟರನ ಹೆಂಡತಿಗೆ ಆ ಮಾತು ಗೊತ್ತಿಲ್ಲದೆ ಇರುತ್ತದೆಯೇ, ಗಂಡ ನಿದ್ದೆಯಲ್ಲೂ ಅದನ್ನೇ ಕನವರಿಸುತ್ತಿದ್ದನಂತೆ. ಅವಳು ಕಣ್ಣರಳಿಸಿ ನೋಡಿದಳು. ಕ್ರೇನಕ್ಕ ಕಾದಳು. ತಿರುಗಿ ಹೇಳದೆ ಮುಂದಿನ ಕೆಲಸವಿಲ್ಲವಲ್ಲ. ಕೊನೆಗೆ ಆಕೆ ಹಲ್ಲು ಕಚ್ಚಿಕೊಂಡು ಮಾಯ್ನಾ ಎಂದಳು, ಮುಕ್ಕಿದಳು.

ಅಲ್ಲಿಂದ ಮುಂದೆ ಹೆರಿಗೆ ಕೋಣೆ ಶೆಡ್ಡೇ ಆಗಿಹೋಯಿತು. ಡಾಕ್ಟರಮ್ಮ ಹೇಳುವುದು, ಕ್ರೇನಕ್ಕ ಅದನ್ನು ಕ್ರೇನಿನ ಭಾಷೆಗೆ ತರುವುದು, ಹೆರುವವಳು ತಿರುಗಿ ಹೇಳುವುದು. ತಲೆ ಕಂಡಿತು, ಈಗ ಮುಕ್ಕಬಾರದು, ತಡೆಯಬೇಕು ಎಂದಾಗ ಸ್ತೋಪ್. ಆಮೇಲೆ ಮಾಯ್ನಾ ಪಮಾಲು, ಮಾಯ್ನಾ ಪಮಾಲು. ಅಂಥ ನೋವಿನ ನಡುವೆಯೂ ಆಕೆಗೆ ನಗು ಬಂತು, ನಗುತ್ತಲೇ ಅತ್ತಳು. ಹೆಣ್ಣುಮಗು ಹೊರಬಂದು ಕೋಣೆಯೆಲ್ಲ ಕೇಳುವಂತೆ ಅತ್ತಿತು. ಕ್ರೇನಕ್ಕ ಖರಶೋ ಎಂದಳು. ಅಷ್ಟು ಕಡಿಮೆ ಮಾತನ್ನು ಅಷ್ಟು ಚೆನ್ನಾಗಿ ಬಳಸಿದವರು ಇನ್ನೊಬ್ಬರಿರಲಾರರು.

ಎಲ್ಲ ತೊಳೆದು ಒಪ್ಪ ಮಾಡಿದ ಮೇಲೆ ಬಾಣಂತಿ ಅವಳ ಕಡೆ ತಿರುಗಿ ಏನೋ ಉದ್ದಕ್ಕೆ ಹೇಳಿದಳು. ಕ್ರೇನಕ್ಕನಿಗೆ ತಲೆಬುಡ ತಿಳಿಯಲಿಲ್ಲ. ಅಭ್ಯಾಸಬಲ, ಕೊನೆಗೆ ಕಿವಿಗೆ ಬಿದ್ದ “ಇದೀ ದಮೋಯ್” ಎಂಬಷ್ಟನ್ನು ಗಟ್ಟಿಯಾಗಿ ತಿರುಗಿ ಹೇಳಿದಳು. ಹೇಳಿ, ಸ್ಟೂಲ್ ಎಳೆದುಕೊಂಡು ಮಂಚದ ಪಕ್ಕ ಕೂತಳು. ಫಿಟ್ಟರ್ ಏದುಸಿರು ಬಿಡುತ್ತ ಬಂದದ್ದು ಮಾರನೆಯ ದಿನ. ಅಲ್ಲಿಯವರೆಗೂ ಅವಳು ಆ ಜಾಗ ಬಿಟ್ಟು ಕದಲಲಿಲ್ಲ.

ಆದರೆ ಆ ಉದ್ದ ಮಾತು ಅವಳನ್ನು ಒಳಗೇ ಕೊರೆಯಿತು. ಅಂಥ ಹೊತ್ತಿನಲ್ಲಿ ಒಬ್ಬಳು ಬಾಯಿಬಿಟ್ಟು ಏನೋ ಕೇಳಿದ್ದಳು, ತಾನು ಗಿಣಿಯ ಹಾಗೆ ಒಪ್ಪಿಸಿಬಿಟ್ಟೆನಲ್ಲ ಎಂದು ಸಂಕಟಪಟ್ಟಳು. ಪಾಳಿ ಮುಗಿದೊಡನೆ ಫಿಟ್ಟರನ ಮನೆಗೆ ಹೋಗತೊಡಗಿದಳು. ಕೂಸಿನ ಮೂಗು, ಕಣ್ಣು, ಕಿವಿ ಮುಟ್ಟಿ ತಾಯಿ ಏನೇನು ಹೇಳುತ್ತಿದ್ದಳೋ ಅದನ್ನೆಲ್ಲ ಕಲಿತಳು. ಅದೇ ಮೂಗು ಮುಟ್ಟಿ ನಮ್ಮ ಮಾತಿನಲ್ಲಿ ಕೂಸಿಗೂ ತಾಯಿಗೂ ಹೇಳಿಕೊಟ್ಟಳು. ಕೂಸೂ ತಾನೂ ಒಂದೇ ಕ್ಲಾಸು, ಅದು ತನಗಿಂತ ಜಾಣೆ ಎಂದು ಶೆಡ್ಡಿನಲ್ಲಿ ಹೇಳಿಕೊಂಡು ನಗುತ್ತಿದ್ದಳು. ದಿನವಿಡೀ ದುಡಿದ ಮೈ, ನಲವತ್ತು ದಾಟಿದ ನಾಲಿಗೆ. ಆದರೂ ಅವಳು ಪಟ್ಟು ಬಿಡಲಿಲ್ಲ.

ಕಲಿಯುತ್ತ ಕಲಿಯುತ್ತ ಒಂದು ಸಂಜೆ, ಅವಳು ಅಂದು ಒಪ್ಪಿಸಿದ್ದ ಮಾತಿನ ಅರ್ಥ ತಾನಾಗಿಯೇ ಹೊಳೆಯಿತು. ಇದೀ ದಮೋಯ್ ಎಂದರೆ ಮನೆಗೆ ಹೋಗು. ನಾಚಿಕೆಯಿಂದ ಅವಳ ಮೈ ಹಿಡಿಯಾಯಿತು. ಹೋಗು ಎಂದವಳ ತಲೆದೆಸೆಯಲ್ಲಿ ಮಾರನೆಯ ದಿನದವರೆಗೆ ಗೂಟ ಹೊಡೆದುಕೊಂಡು ಕೂತಿದ್ದೆನಲ್ಲ ಎಂದು ತಡವರಿಸಿಕೊಂಡು ರಷ್ಯನ್ನಿನಲ್ಲೇ ಹೇಳಿಕೊಂಡಳು.

ಫಿಟ್ಟರನ ಹೆಂಡತಿ ಕೂಸನ್ನು ಹೆಗಲಿಗೆ ಹಾಕಿಕೊಂಡಳು. ಹೌದು, ನೀನು ದಣಿದಿದ್ದೀಯ, ನಿನಗೂ ಮನೆಯಿದೆ, ಮನೆಗೆ ಹೋಗು ಅಂದಿದ್ದೆ ಎಂದಳು. ಆಮೇಲೆ ಹೇಳಿದ್ದೂ ತನ್ನ ಭಾಷೆಯಲ್ಲೇ, ಅಕ್ಕ ಎಂಬುದೊಂದನ್ನು ಮಾತ್ರ ನಮ್ಮದರಿಂದ ತೆಗೆದುಕೊಂಡಳು.

“ಇರು ಅಂತ ಕೇಳೋಕೆ ಬಾಯಿ ಬರಲಿಲ್ಲ ಅಕ್ಕ. ನೀನು ಎದ್ದು ಹೋಗೋದನ್ನ ನೋಡಬಾರದು ಅಂತ ಕಣ್ಣು ಮುಚ್ಚಿಕೊಂಡಿದ್ದೆ. ಸ್ಟೂಲ್ ಎಳೆದ ಸದ್ದಾಯ್ತು. ಆಮೇಲೆ ನನಗೆ ನಿದ್ದೆ ಬಂತು.”