ಬಳೆ, ಎಳೆ ಮತ್ತು ಒಂದು ಇರುವೆ

ನಮ್ಮ ಮನೆಯ ಉಪ್ಪಿಟ್ಟಿನಲ್ಲಿ ಕರಿಬೇವು ಇರುವುದಿಲ್ಲ. ಚಳ್ಳಕೆರೆಯ ಈ ಮನೆಯ ಹಿತ್ತಲಲ್ಲಿ, ಬಚ್ಚಲ ನೀರು ಹರಿಯುವ ಕಡೆ, ಕರಿಬೇವಿನ ಗಿಡವೇನೋ ಇದೆ. ಆದರೆ ಅದು ನಮ್ಮದಲ್ಲ. ಮೊದಲು ಹಕ್ಕಿಯ ಹಿಕ್ಕೆಯಂತೆ ಕಾಣಿಸಿಕೊಂಡು, ಆಮೇಲೆ ಹಸಿರು ಉಟ್ಟು, ಕಡೆಗೊಂದು ದಿನ ಕಪ್ಪು ಚಿಟ್ಟೆಯಾಗಿ ಹಾರಿಹೋಗುವ ಹುಳುಗಳ ಸಂಸಾರವೊಂದು ಅಲ್ಲಿ ತಲೆಮಾರುಗಳಿಂದ ನೆಲೆಸಿದೆ. ನಾನು ಕ್ಯಾಮೆರಾ ಹಿಡಿದು ಗಿಡದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಿರುವಾಗ ಯಜಮಾನರು ಒಳಗಿಂದ ಕೂಗುತ್ತಾರೆ: "ನಿನ್ನ ಪರಿವಾರ ಒಗ್ಗರಣೆಗೆ ಒಂದೆಲೆನಾದ್ರೂ ಬಿಟ್ಟೈತೇನೇ?"

ಈ ಹುಚ್ಚು ನಿನ್ನೆ ಮೊನ್ನೆಯದಲ್ಲ. ಲಂಗ ಉಡುವ ವಯಸ್ಸಿನಲ್ಲೇ ಮರಳಿನಲ್ಲಿ ಕುಳಿ ತೋಡಿ ಕಾಯುವ ಗುಬ್ಬಿಹುಳುವಿನ ಮುಂದೆ ನಾನೂ ಕಾಯುತ್ತಾ ಕೂರುತ್ತಿದ್ದೆ. "ಹುಳ ನೋಡ್ಕಂತ ಕುಂತ್ರೆ ನಿನ್ನ ಯಾರು ನೋಡ್ತಾರೆ?" ಎಂದು ಅವ್ವ ಗದರುತ್ತಿದ್ದಳು. ಹೆಣ್ಣಾಗಿ ಹುಟ್ಟಿದವಳು ನೋಡಿಸಿಕೊಳ್ಳಬೇಕೇ ಹೊರತು ನೋಡಬಾರದು ಎಂಬ ಶಾಸ್ತ್ರ ನನಗೆ ಕೊನೆಗೂ ಹತ್ತಲಿಲ್ಲ. ಶಾಲೆಯಲ್ಲಿ ಕೆಲಸ ಸಿಕ್ಕಮೇಲೆ ಮಾಡಿದ ಮೊದಲ ಅಪರಾಧವೆಂದರೆ, ಇರುವೆಯ ಮೀಸೆಯನ್ನೂ ತೋರಿಸಬಲ್ಲ ಮಸೂರವೊಂದನ್ನು ಕೊಂಡದ್ದು. ಮಸೂರದ ಉದ್ದ ನೋಡಿ ಮರ್ಯಾದೆ ಕೊಡುವ ಲೋಕವಿದು. ನೆಂಟರಿಷ್ಟರೆಲ್ಲ ನನ್ನನ್ನು ಮಹಾ ಫೋಟೋಗ್ರಾಫರ್ ಎಂದು ತಿಳಿದರು.

ಆ ತಪ್ಪುತಿಳಿವಳಿಕೆಯ ಫಲವಾಗಿಯೇ ಮೊಳಕಾಲ್ಮೂರಿನಿಂದ ತಂಗಿ ಗಿರಿಜಳ ಫೋನು ಬಂತು. ಅವಳದು ಮಗ್ಗದ ಮನೆ. ಮಗಳು ಸುಮಾಳಿಗೆ ಗಡಿಯಾಚೆಯ ರಾಯದುರ್ಗದ ಹುಡುಗನೊಂದಿಗೆ ನಿಶ್ಚಿತಾರ್ಥ. "ಫೋಟೋದೋನು ಕೈಕೊಟ್ಟ, ಅಕ್ಕ. ನೀನೇ ಕ್ಯಾಮೆರಾ ತಗಂಡು ಬಾ. ಹುಳಾನೇ ಅಷ್ಟು ಚಂದ ತೆಗಿತೀಯ, ಮನುಷ್ಯರು ಏನ್ ಮಹಾ?"

ಮನುಷ್ಯರು ಮಹಾ ಕಷ್ಟ, ಗೆಳೆಯರೇ. ಕ್ಯಾಮೆರಾ ಎತ್ತಿದ ಕೂಡಲೇ ಹೊಟ್ಟೆ ಒಳಗೆಳೆದು, ಉಸಿರು ಬಿಗಿಹಿಡಿದು, ತಮ್ಮಂತೆ ತಾವಿಲ್ಲದ ಯಾರೋ ಆಗಿಬಿಡುತ್ತಾರೆ. ಸತ್ತಂತೆ ನಟಿಸುವ ಹುಳುಗಳನ್ನು ನಾನು ಬಲ್ಲೆ. ಆದರೆ ಅವು ನಟಿಸುವುದು ಜೀವ ಉಳಿಸಿಕೊಳ್ಳಲು. ನನ್ನ ಮಸೂರವೋ, ಬೀಗರ ಮೂಗಿನ ಮೇಲಿನ ಬೆವರಹನಿಯನ್ನು ಬೆಟ್ಟವಾಗಿಸಿ, ಉಳಿದ ಬೀಗರನ್ನು ಮಂಜಿನಲ್ಲಿ ಕರಗಿಸುತ್ತಿತ್ತು. ಊಟದ ಹೊತ್ತಿಗೆ ಬೇಸತ್ತು ಹಿತ್ತಲಿಗೆ ಜಾರಿಕೊಂಡೆ. ತುಳಸಿಕಟ್ಟೆಯ ಮೇಲೆ ದೀಪ ಉರಿಯುತ್ತಿತ್ತು; ಒಂಟಿ ಇರುವೆಯೊಂದು ತನಗಿಂತ ದೊಡ್ಡದಾದ ಅಕ್ಷತೆಯ ಕಾಳನ್ನು ಎಳೆಯುತ್ತಿತ್ತು. ಕಟ್ಟೆಯ ಮರೆಯಲ್ಲಿ ಕೂತು ಕ್ಲಿಕ್ಕಿಸಿದೆ. ನಡುವೆ ಯಾರದೋ ಕೈ ಚೌಕಟ್ಟಿನೊಳಗೆ ಬಂದು ಹೋಯಿತು. ಇರುವೆಯ ಗುಂಗಿನಲ್ಲಿದ್ದ ನಾನು ಅದು ಯಾರದೆಂದು ತಲೆಯೆತ್ತಿ ನೋಡಲಿಲ್ಲ.

ಊಟವಾದ ಮೇಲೆ ಮದುಮಗ ಮಂಜುನಾಥ, "ದೊಡ್ಡಮ್ಮ, ಫೋಟೋ ಟಿವಿಗೆ ಹಾಕ್ರಿ, ಎಲ್ರೂ ನೋಡಾನ" ಎಂದ. ಹಾಕಿದೆ. ಬೆವರಹನಿ ಬಂತು, ಯಾರದೋ ಕಿವಿ ಬಂತು. ಆಮೇಲೆ ಟಿವಿಯ ತುಂಬ ಇರುವೆ. ಇರುವೆಯ ಪಕ್ಕ ದೀಪದ ಕುಡಿ. ಕುಡಿಗೆ ಹಿಡಿದ ಕುಂಕುಮಬಣ್ಣದ ರೇಷ್ಮೆಯೆಳೆ. ಎಳೆ ಹಿಡಿದ ಬೆರಳು. ಬೆರಳಿನಾಚೆ ಹವಳದ ಬಳೆ.

ಕುಂಕುಮಬಣ್ಣದ ಸೀರೆ ಉಟ್ಟವಳು ಸುಮಾ. ಅದನ್ನು ನೇಯ್ದವಳೂ ಅವಳೇ. ಹವಳದ ಬಳೆ ತೊಟ್ಟವರು ಹುಡುಗನ ತಾಯಿ ಅನಸೂಯಮ್ಮ. ಸೊಸೆಯಾಗುವವಳ ಸೆರಗು ಸರಿಮಾಡುವ ನೆಪದಲ್ಲಿ ಕುಚ್ಚಿನಿಂದ ಒಂದೆಳೆ ಕಿತ್ತು, ರೇಷ್ಮೆ ಅಸಲಿಯೋ ನಕಲಿಯೋ ಎಂದು ಸುಟ್ಟು ನೋಡಿದ್ದರು. ಅವರು ಮೆಲ್ಲನೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. "ಇದೇಮಿ ಪನೇ ನೀದಿ?" – ಇದೆಂಥ ಕೆಲಸವೇ ನಿನ್ನದು ಎಂದು ಅವರ ಗಂಡ ತೆಲುಗಿನಲ್ಲಿ ಗದರಿದರು. ಗಿರಿಜಳ ಗಂಡ ಎದ್ದು ನಿಂತೇಬಿಟ್ಟ. "ಮಗ್ಗದ ಮನೆಗೆ ಬಂದು ರೇಷ್ಮೆ ಸುಟ್ಟು ನೋಡ್ತೀರಾ? ನಿಮ್ಮ ತಾಂಬೂಲ ನೀವು ತಗಂಡು ಹೋಗ್ರಿ!" ನನಗೆ ಆ ಅಕ್ಷತೆಯ ಕಾಳಿನ ಕೆಳಗೆ ಅಡಗಿಕೊಳ್ಳುವಂತಾಯಿತು.

"ಇರಪ್ಪ," ಎಂದಳು ಸುಮಾ. ಆಮೇಲೆ ಅನಸೂಯಮ್ಮನ ಕಡೆ ತಿರುಗಿ, "ಅತ್ತೆ, ಸುಟ್ಟಾಗ ಕೂದಲು ಸುಟ್ಟ ವಾಸ್ನೆ ಬಂತಾ?"

"ಬಂತಮ್ಮ," ಎಂದರು ಅವರು, ಕೇಳಿಸಿಯೂ ಕೇಳಿಸದ ದನಿಯಲ್ಲಿ.

"ಹಂಗಾದ್ರೆ ಸೀರೆ ಪಾಸಾತು. ಈಗ ನಿಮ್ಮ ಮಗನ್ನ ಹೆಂಗೆ ಪರೀಕ್ಷೆ ಮಾಡಾದು, ಅದನ್ನೂ ಹೇಳಿಕೊಡ್ರಿ."

ಮಂಜುನಾಥ ಎದ್ದು ಬಂದ. ತನ್ನ ತಲೆಯಿಂದ ಒಂದು ಕೂದಲು ಕಿತ್ತು ಅವಳ ಮುಂದೆ ಹಿಡಿದು, "ತಗಳ್ರಿ, ಸುಟ್ಟು ನೋಡ್ರಿ. ವಾಸ್ನೆ ಒಂದೇ" ಎಂದ. ಅವಳು ನಿಜವಾಗಿಯೂ ದೇವರ ದೀಪಕ್ಕೆ ಹಿಡಿದಳು, ಮೂಸಿದಳು, ಹುಬ್ಬು ಗಂಟಿಕ್ಕಿ ಅವನನ್ನು ಕಾಯಿಸಿದಳು. "ಅಸಲೀನೇ. ಆದ್ರೆ ಎಣ್ಣೆ ಜಾಸ್ತಿ ಹಚ್ಕಂತೀರಿ."

ಮೊದಲು ನಕ್ಕವರು ಹುಡುಗನ ತಂದೆ. ಕೊನೆಗೆ, ನಗದೆ ವಿಧಿಯಿಲ್ಲದೆ, ಅನಸೂಯಮ್ಮ. ಗಿರಿಜಳ ಗಂಡ ಕೂತ. ತಾಂಬೂಲ ಇದ್ದಲ್ಲೇ ಉಳಿಯಿತು.

ಮದುವೆಗೆ ಡ್ರೋನು ಸಮೇತ ಬೇರೆಯವರು ಬಂದರು. ನನ್ನನ್ನು ಕ್ಯಾಮೆರಾ ಇಲ್ಲದೆ ಮುಂದಿನ ಸಾಲಿನಲ್ಲಿ ಗೌರವದಿಂದ ಕೂರಿಸಿದರು. ಅದಾಗಿ ಸ್ವಲ್ಪ ದಿನಕ್ಕೆ ಅನಸೂಯಮ್ಮನೇ ಫೋನು ಮಾಡಿದರು. "ಅಕ್ಕಾ, ಆ ಫೋಟೋ ಐತೇನ್ರಿ? ನನ್ನ ಬಳೆ ಎಲ್ಲೂ ಅಷ್ಟು ಚಂದ ಬಂದಿಲ್ಲ ನೋಡ್ರಿ. ಎಳೆ ಒಂದು ಅಳಿಸಿಬಿಡ್ರಿ, ಹಂಗೇ ಆ ಇರುವೇನೂ."

ಎಳೆ ಅಳಿಸಿದೆ. ಇರುವೆಗೆ ಕೈಹಚ್ಚಲು ಮನಸ್ಸು ಬರಲಿಲ್ಲ. ಈಗ ಅವರ ವಾಟ್ಸಾಪಿನಲ್ಲಿ ಮುಖವಿರಬೇಕಾದ ಕಡೆ ಬಳೆ ಮತ್ತು ಇರುವೆ ಜೊತೆಯಾಗಿವೆ. ಇರುವೆ ಯಾಕೆಂದು ಯಾರಾದರೂ ಕೇಳಿದರೆ ಹೇಳುತ್ತಾರಂತೆ: "ಅದು ಹೆಣ್ಣಿನ ಕಡೆಯೋರ್ದು."